ಮೇಣ ತುಂಬಿದ ಗೊರಸು: ಏಳನೆಯ ಕಂತು

"ಕಾಲು ಕೊಡೋ ಮಹಾರಾಯ" ಎನ್ನುತ್ತ ಸಾರ್ಜೆಂಟ್ ನೆಸ್ಸಾ ಟೂಮಿ ಕುದುರೆಯ ಮುಂದಿನ ಎಡಗಾಲನ್ನು ಮೇಲಿನಿಂದ ಕೆಳಗೆ ಸವರಿ, ಗಿಣ್ಣಿನ ಹಿಂದೆ ಎರಡು ಬೆರಳು ಒತ್ತಿದಳು.

ಕುದುರೆ ಒಂದು ಕಿವಿಯನ್ನು ಹಿಂದಕ್ಕೆ ತಿರುಗಿಸಿ ಸ್ವಲ್ಪ ಯೋಚಿಸಿತು. ಆಮೇಲೆ ದೊಡ್ಡದಾಗಿ ಉಸಿರುಬಿಟ್ಟು ಕಾಲನ್ನು ಅವಳ ಮಡಿಲಿಗೆ ಒಪ್ಪಿಸಿತು.

ಅದರ ಹೆಸರು ಬಿಷಪ್. ಎಂಟು ದಿನದ ಹಿಂದೆ ಇದೇ ಪ್ರಾಣಿ ತನ್ನ ಒಡತಿ ಕಾರ್ಮೆಲ್ ರೋಶ್‌ಳನ್ನು ಬೆನ್ನ ಮೇಲಿಂದ ಎತ್ತಿ ಕಲ್ಲುಗೋಡೆಗೆ ಎಸೆದಿತ್ತು. ಕಾರ್ಮೆಲ್ ಕಾರ್ಕ್ ನಗರದ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿರಲಿಲ್ಲ. ಇವತ್ತು ನಾಲ್ಕು ಗಂಟೆಗೆ ಪಶುವೈದ್ಯ ಕಾಪಿಂಜರ್ ಬಂದು ಬಿಷಪ್‌ನ ಹಣೆಗೆ ಗುಂಡು ಹಾಕುವುದೆಂದು ತೀರ್ಮಾನವಾಗಿತ್ತು. ಈಗ ಎರಡೂವರೆ.

"ಮುಖ ನೋಡಿದ್ರೆ ಕೊಲೆಗಾರನ ಹಾಗೆ ಕಾಣ್ತಾನಾ ಇವನು?" ಲಗಾಮು ಹಿಡಿದು ನಿಂತಿದ್ದ ಮುದುಕ ಜೆರ್ ಲೆನಿಹನ್ ಕೇಳಿದ.

"ಮುಖ ನೋಡಿ ಕೊಲೆಗಾರರನ್ನ ಹಿಡಿಯೋಕಾಗಿದ್ರೆ ನಾನು ಇಷ್ಟು ಹೊತ್ತಿಗೆ ಸೂಪರಿಂಟೆಂಡೆಂಟ್ ಆಗಿರ್ತಿದ್ದೆ ಜೆರ್."

ಜೆರ್‌ಗೆ ಎಪ್ಪತ್ತೊಂದು ವರ್ಷ. ರೋಶ್ ಮನೆತನದ ಲಾಯದಲ್ಲಿ ನಲವತ್ತು ವರ್ಷದಿಂದ ಕುದುರೆ ನೋಡಿಕೊಂಡು ಬಂದವನು. ಅವತ್ತು ಬಿಷಪ್‌ನ ಬೆನ್ನಿಗೆ ಜೀನು ಬಿಗಿದದ್ದು ಅವನೇ. ಹಾಗಾಗಿ ಊರಿನವರ ಬಾಯಲ್ಲಿ ತಪ್ಪೂ ಅವನದೇ ಆಗಿತ್ತು. ಕಾರ್ಮೆಲ್‌ಳ ಗಂಡ ಲೋರ್ಕನ್ ಅವನಿಗೆ ಭಾನುವಾರದೊಳಗೆ ಲಾಯದ ಮೇಲಿನ ಕೋಣೆ ಖಾಲಿ ಮಾಡಲು ಹೇಳಿದ್ದ. ಅಷ್ಟಕ್ಕೇ ಬಿಡದೆ ಠಾಣೆಗೆ ಬಂದು ದೂರನ್ನೂ ಬರೆದುಕೊಟ್ಟಿದ್ದ.

ಕುದುರೆ ಸತ್ತರೆ ಮುದುಕನ ಪರವಾಗಿ ನಿಲ್ಲುವ ಸಾಕ್ಷಿ ಇನ್ನೊಂದಿರಲಿಲ್ಲ. ಬಾಯಿಲ್ಲದ ಸಾಕ್ಷಿ, ನಿಜ. ಆದರೆ ಬಾಯಿದ್ದವರು ಹೇಳಿದ ಸುಳ್ಳುಗಳನ್ನು ಎಂಟು ದಿನ ಕೇಳಿ ಕೇಳಿ ನೆಸ್ಸಾಳಿಗೆ ಬಾಯಿಲ್ಲದವರ ಮೇಲೆ ಗೌರವ ಹೆಚ್ಚಾಗಿತ್ತು.

"ಇನ್ನೊಂದ್ಸಲ ಹೇಳಿ, ಮೊದಲಿನಿಂದ."

"ಎಷ್ಟು ಸಲ ಹೇಳೋದು ಸಾರ್ಜೆಂಟಮ್ಮ? ನಾಲಿಗೆ ಸವೆದುಹೋಯ್ತು." ಜೆರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಬೇಟೆ ಸವಾರಿ ಮಾರ್ಚ್‌ಗೆ ಮುಗಿಯುತ್ತೆ. ಲಾಳ ಕೀಳ್ತೀವಿ, ಹುಲ್ಲಿಗೆ ಬಿಡ್ತೀವಿ. ಆಗಸ್ಟ್ ಒಂದಕ್ಕೆ ವಾಪಸ್ ತರ್ತೀವಿ. ನಾಲ್ಕು ತಿಂಗಳು ತಿಂದುಕೊಂಡು ಬಿದ್ದಿದ್ದ ಮೈ, ಕೆಲಸ ಅಂದ ತಕ್ಷಣ ಯಾವ ಕುದುರೆಗಾದ್ರೂ ಸಿಟ್ಟು ಬರುತ್ತೆ. ನನಗೂ ಸೋಮವಾರ ಬೆಳಿಗ್ಗೆ ಬರುತ್ತೆ. ಇವನಿಗೆ ಒಂದು ಕೈ ಜಾಸ್ತಿ. ಪ್ರತಿ ವರ್ಷ ಜೀನು ಬಿದ್ದ ಮೊದಲನೇ ದಿನವೇ ಬೆನ್ನನ್ನ ಬಿಲ್ಲು ಮಾಡಿ ಎಗರೋನು."

"ಅದಕ್ಕೆ ನೀವೇನು ಮಾಡ್ತೀರಿ?"

"ಅವಸರ ಮಾಡಲ್ಲ, ಅಷ್ಟೇ. ಮೊದಲನೇ ದಿನ ಬರೀ ಜೀನು. ಹೊಟ್ಟೆಪಟ್ಟಿ ಒಂದೊಂದೇ ತೂತು ಬಿಗಿ ಮಾಡೋದು, ನಡುನಡುವೆ ಒಂದು ಸುತ್ತು ನಡೆಸೋದು. ಆಮೇಲೆ ಉದ್ದ ಹಗ್ಗ ಕಟ್ಟಿ ಇಪ್ಪತ್ತು ನಿಮಿಷ ಸುತ್ತು ಹಾಕಿಸೋದು. ಎಗರೋದೆಲ್ಲಾ ಅಲ್ಲೇ ಎಗರಿ ಮುಗಿಸ್ಲಿ ಅಂತ. ಮೂರು ದಿನ ಹೀಗೆ. ನಾಲ್ಕನೇ ದಿನಾನೇ ಕಾರ್ಮೆಲ್ ಮೇಲೆ ಹತ್ತೋದು. ಎಂಟು ವರ್ಷದಿಂದ ಇದೇ ಪದ್ಧತಿ. ಈ ವರ್ಷಾನೂ ಒಂದು ದಿನ ಬಿಟ್ಟಿಲ್ಲ, ಯೇಸುವಿನ ಆಣೆ."

"ಸರಿ. ಆ ಮೂರು ದಿನದಲ್ಲಿ ಎಷ್ಟು ಸಲ ಎಗರಿದ?"

ಜೆರ್ ಲಗಾಮನ್ನು ಇನ್ನೊಂದು ಕೈಗೆ ಬದಲಾಯಿಸಿದ. ಎಂಟು ದಿನದಲ್ಲಿ ಯಾರೂ ಅವನನ್ನು ಇದೊಂದು ಪ್ರಶ್ನೆ ಕೇಳಿರಲಿಲ್ಲ.

"ಒಂದ್ಸಲಾನೂ ಇಲ್ಲ."

"ಒಂದ್ಸಲಾನೂ?"

"ಕುರಿಮರಿ ಹಾಗಿದ್ದ. ನಾನೇ ಕಾರ್ಮೆಲ್‌ಗೆ ಹೇಳ್ದೆ, ಬಿಷಪ್‌ಗೆ ಕೊನೆಗೂ ಬುದ್ಧಿ ಬಂತು ಕಣಮ್ಮ ಅಂತ." ಮುದುಕನ ಕಣ್ಣು ತುಂಬಿಕೊಂಡಿತು. "ಆ ಮಾತು ನಂಬಿ ಹತ್ತಿದ್ಲು."

ಎಲ್ಲರೂ ಎಡವಿದ್ದು ಇಲ್ಲೇ ಎಂದು ನೆಸ್ಸಾಳಿಗೆ ಅನ್ನಿಸಿತು. ಆಗಸ್ಟ್‌ನಲ್ಲಿ ಕುದುರೆ ಎಗರಿದರೆ ಈ ಸೀಮೆಯಲ್ಲಿ ಯಾರೂ ಕಾರಣ ಕೇಳುವುದಿಲ್ಲ. ಮಗು ಅತ್ತಿತು ಎಂದರೆ ಕೇಳುವುದಿಲ್ಲವಲ್ಲ, ಹಾಗೆ. ಎಗರಿತು, ಬಿದ್ದಳು, ಪಾಪ, ಮುಗಿಯಿತು. ಆದರೆ ವಾಡಿಕೆಯ ಪ್ರಕಾರ ಎಗರಬೇಕಾದ ದಿನ ಎಗರದ ಕುದುರೆ, ಎಗರಬಾರದ ದಿನ ಯಾಕೆ ಎಗರಿತು?

"ಹೊಟ್ಟೆಪಟ್ಟಿ ಎಷ್ಟನೇ ತೂತಿಗೆ ಬಂತು?"

"ನಾಲ್ಕನೇದಕ್ಕೆ."

"ಪ್ರತಿ ವರ್ಷ?"

"ಹುಲ್ಲಿಂದ ಬಂದಾಗ ಪೀಪಾಯಿ ಹೊಟ್ಟೆ. ಮೊದಲನೇ ತೂತಿಗೆ ಎಳೆಯೋ ಹೊತ್ತಿಗೆ ನನಗೆ ಬೆವರು ಬರ್ತಿತ್ತು." ಜೆರ್ ಕುದುರೆಯ ಕತ್ತು ತಟ್ಟಿದ. "ಈ ಸಲ ಅಲ್ಲಿ ಮೇವು ಸಾಲಲಿಲ್ಲವೇನೋ ಅಂದ್ಕೊಂಡೆ."

ಅಲ್ಲಿ ಎಂದರೆ ಲೋರ್ಕನ್‌ನ ಅಣ್ಣನ ಕಡಲಂಚಿನ ಜಮೀನು. ಇಲ್ಲಿಯ ಹೊಲಗಳನ್ನು ಬೇಸಿಗೆಯಲ್ಲಿ ಒಣಹುಲ್ಲಿಗೆಂದು ಬಿಟ್ಟುಬಿಡುವುದರಿಂದ ರೋಶ್ ಮನೆಯ ಕುದುರೆಗಳು ರಜೆ ಕಳೆಯುವುದು ಐವತ್ತು ಕಿಲೋಮೀಟರ್ ಆಚೆ, ಸಮುದ್ರದ ದಂಡೆಯಲ್ಲಿ.

"ನೀವು ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ರಾ?"

"ಕಾಲಿಟ್ಟಿಲ್ಲ. ಕಾರ್ಮೆಲ್‌ಗೆ ಏಪ್ರಿಲ್‌ನಲ್ಲಿ ಮೊಣಕಾಲು ಕೊಯ್ದರಲ್ಲ, ಅವಳನ್ನ ಆಸ್ಪತ್ರೆಗೆ, ಅಂಗಡಿಗೆ, ಚರ್ಚಿಗೆ ಕಾರಲ್ಲಿ ಕರ್ಕೊಂಡು ಹೋಗೋದೇ ನನ್ನ ಬೇಸಿಗೆ ಆಯ್ತು. ಮಾರ್ಚ್‌ನಲ್ಲಿ ಲಾರಿ ಹತ್ತಿಸಿದೋನು, ಆಗಸ್ಟ್ ಒಂದಕ್ಕೇ ಇವನ ಮುಖ ನೋಡಿದ್ದು."

ನೆಸ್ಸಾ ಗೊರಸನ್ನು ತೊಡೆಗಳ ನಡುವೆ ಹಿಡಿದು ಬೆಳಕಿಗೆ ತಿರುಗಿಸಿದಳು. ಗೊರಸು ಮದುವೆ ಗಂಡಿನ ಬೂಟಿನಂತೆ ಕರ್ರಗೆ ಮಿರುಗುತ್ತಿತ್ತು.

"ಗೊರಸಿಗೆ ಹೊಳಪು ಬರೋಕೆ ಈ ಟಾರು ಯಾರು ಬಳಿದಿದ್ದು?"

"ಲೋರ್ಕನ್. ಕರ್ಕೊಂಡು ಬಂದ ದಿನ ಅವನೇ ಬಳಿದ. ಹದಿನೈದು ವರ್ಷದ ಸಂಸಾರದಲ್ಲಿ ಕುದುರೆಯ ಕಾಲಿಗೆ ಅವನು ಕೈ ಹಾಕಿದ್ದು ಅದೇ ಮೊದಲು. ಹೆಂಡತಿಯ ಮೇಲೆ ಪ್ರೀತಿ ಉಕ್ಕಿ ಬಂತೇನೋ ಅಂತ ನಾನೂ ಸುಮ್ಮನಿದ್ದೆ."

ಗೊರಸಿಗೆ ಇನ್ನೂ ಲಾಳ ಬಿದ್ದಿರಲಿಲ್ಲ. ಮೊದಲ ವಾರ ಮರಳಿನ ಅಂಗಳದಲ್ಲಿ ಬರಿಗಾಲಿನ ಓಡಾಟ, ಆಮೇಲೆ ಲಾಳ, ಆಮೇಲೆ ರಸ್ತೆ: ಅದೂ ಈ ಲಾಯದ ಪದ್ಧತಿಯೇ. ನೆಸ್ಸಾ ಹೆಬ್ಬೆರಳಿನ ಉಗುರಿನಿಂದ ಹೊರಬದಿಯ ಟಾರನ್ನು ಕೆರೆದಳು. ಉಗುರು ಒಂದು ಕಡೆ ಮೆತ್ತಗೆ ಒಳಗಿಳಿಯಿತು. ಸಣ್ಣ ಬಟಾಣಿಯಷ್ಟು ಕರಿಯ ಉಂಡೆ ಕಳಚಿ ಅವಳ ಅಂಗೈಗೆ ಬಿತ್ತು.

ಮೇಣ.

ಅದು ಬಿದ್ದ ಜಾಗದಲ್ಲಿ ಒಂದು ಚಚ್ಚೌಕ ತೂತು. ಪಕ್ಕದಲ್ಲಿ ಇನ್ನೊಂದು, ಮತ್ತೊಂದು, ಮಗದೊಂದು. ಒಟ್ಟು ನಾಲ್ಕು, ಹೊರಬದಿಯಲ್ಲಿ, ಒಂದೇ ಸಾಲಿನಲ್ಲಿ, ಅಂಚಿನಿಂದ ಹೆಬ್ಬೆರಳಿನಗಲ ಮೇಲೆ.

ನೆಸ್ಸಾ ಲಾಳ ಹೊಡೆಯುವವನ ಮಗಳು. ಅವಳ ಅಪ್ಪ ಕಾನ್ ಟೂಮಿ ಐವತ್ತು ವರ್ಷ ಈ ಸೀಮೆಯ ಕುದುರೆಗಳಿಗೆಲ್ಲ ಲಾಳ ಹೊಡೆದವನು. ಬೇರೆ ಮಕ್ಕಳು ಮಗ್ಗಿ ಕಲಿಯುವ ವಯಸ್ಸಿನಲ್ಲಿ ಅವಳು ಕಲಿತದ್ದು ಇದನ್ನೇ: ಗೊರಸು ಉಗುರಿನ ಹಾಗೆ, ತಿಂಗಳಿಗೆ ಇಷ್ಟೇ ಎಂದು ಬೆಳೆಯುತ್ತದೆ, ಮೊಳೆಯ ತೂತು ಅದರ ಜೊತೆ ಕೆಳಗಿಳಿಯುತ್ತದೆ. ಮಾರ್ಚ್‌ನಲ್ಲಿ ಲಾಳ ಕಿತ್ತಿದ್ದರೆ ಈ ತೂತುಗಳು ಎಂದೋ ಕೆಳಗಿಳಿದು ಸವೆದು ಮಾಯವಾಗಿರಬೇಕಿತ್ತು.

ಇವುಗಳಿಂದ ಮೊಳೆ ಕಿತ್ತು ಒಂದು ತಿಂಗಳೂ ಆಗಿಲ್ಲ.

"ಜೆರ್, ಈ ಕುದುರೆ ರಜೆಯಲ್ಲಿರಲಿಲ್ಲ" ಎಂದಳು ನಿಧಾನವಾಗಿ. "ಬೇಸಿಗೆಯೆಲ್ಲಾ ಲಾಳ ಹಾಕ್ಕೊಂಡು ಎಲ್ಲೋ ದುಡಿದಿದೆ. ಮೊನ್ನೆ ಮೊನ್ನೆ ಲಾಳ ಕಿತ್ತು, ತೂತು ಮುಚ್ಚಿ, ರಜೆ ಮುಗಿಸಿ ಬಂದ ಹಾಗೆ ಕರ್ಕೊಂಡು ಬಂದಿದ್ದಾರೆ."

ಜೆರ್ ಬಗ್ಗಿ ನೋಡಲಿಲ್ಲ. ಕುದುರೆಯ ಹಣೆಯ ಕೂದಲನ್ನು ಬೆರಳಿನಿಂದ ಬಾಚುತ್ತ ನಿಂತಿದ್ದ. ಆಘಾತಕ್ಕೆ ಮಾತು ಹೊರಡಲಿಲ್ಲವೇನೋ ಎಂದುಕೊಂಡಳು.

ಮೇಣವನ್ನು ಮೂಗಿನ ಹತ್ತಿರ ಹಿಡಿದಳು. ಟಾರಿನ ಘಾಟಿನ ಕೆಳಗೆ ಇನ್ನೇನೋ ಒಂದು ವಾಸನೆ ಇತ್ತು. ತುಂಬಾ ಪರಿಚಯದ್ದು. ಎಲ್ಲಿಯದು?

"ಇದರಲ್ಲಿ ಏನು ವಾಸನೆ ಬರ್ತಿದೆ ನೋಡಿ."

"ನನ್ನ ಮೂಗು ಸತ್ತು ಹತ್ತು ವರ್ಷ ಆಯ್ತು ಕಣಮ್ಮ" ಎಂದ ಜೆರ್.

ಒಳಬದಿಯನ್ನೂ ಕೆರೆದು ನೋಡಬೇಕು ಎನ್ನುವಷ್ಟರಲ್ಲಿ ಗೇಟಿನಲ್ಲಿ ಕಾರಿನ ಸದ್ದಾಯಿತು. ಬಿಷಪ್ ಬೆಚ್ಚಿ ಕಾಲನ್ನು ಕಿತ್ತುಕೊಂಡಿತು. ಲೋರ್ಕನ್ ರೋಶ್ ಆಸ್ಪತ್ರೆಯಿಂದ ಬಂದಿದ್ದ.

*

ಅಡುಗೆಮನೆಯ ಮೇಜಿನ ಮೇಲೆ ಕೈ ಊರಲು ಜಾಗವಿರಲಿಲ್ಲ. ಎಂಟು ದಿನದಿಂದ ನೆರೆಹೊರೆಯವರು ತಂದು ಸುರಿದ ಸೇಬಿನ ಕಡುಬು, ಹಣ್ಣು ಹಾಕಿದ ಬ್ರೆಡ್ಡು, ಬಟ್ಟೆ ಮುಚ್ಚಿದ ಸ್ಯಾಂಡ್‌ವಿಚ್ಚು. ಈ ಕಡೆಯ ಜನ ಕಷ್ಟ ಬಂದ ಮನೆಗೆ ಮಾತು ತರುವುದಿಲ್ಲ, ಕಡುಬು ತರುತ್ತಾರೆ. ಒಂದನ್ನೂ ಯಾರೂ ಮುಟ್ಟಿದಂತೆ ಕಾಣಲಿಲ್ಲ.

ಲೋರ್ಕನ್ ಚಹಾ ಸುರಿದ. ಐವತ್ತು ದಾಟಿದ ಅಚ್ಚುಕಟ್ಟಿನ ಮನುಷ್ಯ. ಟ್ರ್ಯಾಕ್ಟರ್ ಮಾರುವ ಕೆಲಸ. ಎಂಟು ದಿನ ನಿದ್ದೆ ಇಲ್ಲದವನ ಕಣ್ಣು. ಆದರೆ ಗಡ್ಡ ಮಾತ್ರ ನುಣ್ಣಗೆ ಬೋಳಿಸಿತ್ತು. ನೆಸ್ಸಾಳಿಗೆ ಅದೂ ಅನುಮಾನವೇ. ಆಮೇಲೆ, ಗಡ್ಡ ಬೆಳೆಸಿದ್ದರೆ ನಾಟಕ ಎಂದು ಅನುಮಾನ ಪಡುತ್ತಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

"ಕಾರ್ಮೆಲ್ ಹೇಗಿದ್ದಾರೆ?"

"ಹಾಗೇ ಇದ್ದಾಳೆ. ಕೈ ಹಿಡ್ಕೊಂಡ್ರೆ ಬೆಚ್ಚಗಿದೆ. ಅಷ್ಟೇ." ಅವನು ಚಮಚವನ್ನು ಬಸಿಯಲ್ಲಿ ನೇರವಾಗಿ ಇಟ್ಟ. "ಆ ಪ್ರಾಣಿ ನನ್ನ ಅಂಗಳದಲ್ಲಿ ನಿಂತು ಹುಲ್ಲು ತಿನ್ನೋದನ್ನ ನೋಡೋಕಾಗ್ತಿಲ್ಲ ಸಾರ್ಜೆಂಟ್. ನಾಲ್ಕು ಗಂಟೆಗೆ ಮುಗಿದುಹೋಗ್ಲಿ."

"ಬಿಷಪ್ ಬೇಸಿಗೆಯೆಲ್ಲಾ ಎಲ್ಲಿದ್ದ?"

"ನಮ್ಮಣ್ಣನ ಜಮೀನಲ್ಲಿ. ಮಾರ್ಚ್‌ನಿಂದ. ಇದನ್ನ ಆಗಲೇ ಹೇಳಿದೀನಿ, ನೀವು ಬರ್ಕೊಂಡಿದೀರಿ."

"ಹೌದು. ನನ್ನ ಅಕ್ಷರ ನನಗೇ ಓದೋಕಾಗಲ್ಲ, ಅದಕ್ಕೆ ಮತ್ತೆ ಕೇಳ್ದೆ. ಮೇವು ಚೆನ್ನಾಗಿತ್ತಾ?"

"ಮೇವಿಗೇನು? ಬೇಕಾದಷ್ಟು."

"ಮತ್ತೆ ಹೊಟ್ಟೆಪಟ್ಟಿ ನಾಲ್ಕನೇ ತೂತಿಗೆ ಬಂದಿದೆ."

"ನನಗೆ ಆ ತೂತು ಗೀತು ಗೊತ್ತಾಗಲ್ಲ. ಈ ವರ್ಷ ಸ್ವಲ್ಪ ಒಣಗಿತ್ತೇನೋ."

"ಈ ವರ್ಷಾನಾ?" ನೆಸ್ಸಾ ಬ್ರೆಡ್ಡಿನ ಒಂದು ಚೂರನ್ನು ತಾನೇ ಕತ್ತರಿಸಿಕೊಂಡಳು. "ಜುಲೈನಲ್ಲಿ ನನ್ನ ಬಟ್ಟೆ ಒಣಗಿದ್ದೇ ಮೂರು ದಿನ. ನಿಮ್ಮಣ್ಣನ ದನಗಳು ಹುಲ್ಲಲ್ಲಿ ಮುಳುಗಿ ಕಿವಿ ಮಾತ್ರ ಕಾಣ್ತಿದ್ವಂತೆ. ಅವರೇ ಹೇಳಿದ್ದು."

ಲೋರ್ಕನ್ ಸಕ್ಕರೆ ಡಬ್ಬಿ ಎಳೆದುಕೊಂಡ. ಚಹಾಕ್ಕೆ ಸಕ್ಕರೆ ಹಾಕಿದ. ಎರಡು ನಿಮಿಷದ ಹಿಂದೆ ಆಗಲೇ ಹಾಕಿದ್ದ.

"ಗೊರಸಿಗೆ ಟಾರು ಬಳಿದದ್ದು ಯಾಕೆ?"

"ಚೆನ್ನಾಗಿ ಕಾಣ್ಲಿ ಅಂತ. ತಪ್ಪಾ?"

"ತಪ್ಪಲ್ಲ. ಅದರ ಕೆಳಗೆ ಮೊಳೆ ಹೊಡೆದ ತೂತಿದಾವೆ, ಹಸಿ ತೂತು. ಈ ಕುದುರೆ ಬೇಸಿಗೆಯಲ್ಲಿ ಕೆಲಸ ಮಾಡಿದೆ ಲೋರ್ಕನ್."

"ಸುಳ್ಳು. ಯಾವ ಓಟಾನೂ ಓಡಿಲ್ಲ ಅವನು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಕಾರ್ಕ್ ಸೀಮೆಯಲ್ಲೂ ಇದ್ದಾರೆ.

"ಓಟ ಅಂತ ನಾನು ಅನ್ನಲಿಲ್ಲವಲ್ಲ" ಎಂದಳು ನೆಸ್ಸಾ. "ಕೆಲಸ ಅಂದೆ."

ಬೇಸಿಗೆಯಲ್ಲಿ ಕಡಲತೀರದ ಮರಳ ಮೇಲೆ ಕದ್ದುಮುಚ್ಚಿ ಓಟ ನಡೆಯುತ್ತದೆಂದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ನೀರು ಇಳಿದಾಗ ಓಡಿಸುತ್ತಾರೆ, ಏರಿದಾಗ ಗುರುತೆಲ್ಲ ಅಳಿಸಿಹೋಗುತ್ತದೆ. ಹಿಡಿಯಲು ಹೋದ ಪೊಲೀಸರ ಬೂಟು ಒದ್ದೆಯಾದದ್ದು ಬಿಟ್ಟರೆ ಬೇರೇನೂ ಆದದ್ದಿಲ್ಲ.

"ಜೀನಿಗೆ ಸುಮ್ಮನಿದ್ದು ಸವಾರಿಗೆ ಎಗರಿದೆ ಅಂದ್ರೆ ಬೆನ್ನಲ್ಲಿ ನೋವಿದೆ. ಆ ಮರಳಲ್ಲಿ ಬೆನ್ನಿಗೆ ಏಟು ಮಾಡಿಕೊಂಡ ಕುದುರೆಯನ್ನ ವಿಶ್ರಾಂತಿ ಮುಗಿಸಿದ ಕುದುರೆ ಅಂತ ತಂದು ನಿಲ್ಲಿಸಿದ್ರಿ. ನಿಮ್ಮ ಹೆಂಡತಿ ನಂಬಿ ಹತ್ತಿದ್ರು. ಈಗ ಕುದುರೆಯ ತಲೆಗೆ ಗುಂಡು, ಮುದುಕನ ತಲೆಗೆ ಅಪವಾದ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ. ಸರಿನಾ?"

ಲೋರ್ಕನ್ ಸಿಟ್ಟಾಗುತ್ತಾನೆ ಎಂದುಕೊಂಡಿದ್ದಳು. ಆಗಲಿಲ್ಲ. ಕುರ್ಚಿಗೆ ಒರಗಿ ಅವಳ ಮುಖವನ್ನೇ ನೋಡಿದ. ಆಮೇಲೆ, ಎಂಟು ದಿನದಲ್ಲಿ ಮೊದಲ ಸಲ, ಸಣ್ಣಗೆ ನಕ್ಕ.

"ಗೊರಸಿನ ಎರಡೂ ಬದಿ ನೋಡಿದ್ರಾ?"

"ಇನ್ನೂ ಇಲ್ಲ."

"ನೋಡಿ. ನೋಡಿ ಆಮೇಲೆ ಮಾತಾಡೋಣ." ಅವನು ಎದ್ದು ಲೋಟವನ್ನು ತೊಟ್ಟಿಯಲ್ಲಿಟ್ಟ. "ಅಂದ ಹಾಗೆ, ಕಾನ್ ಹೇಗಿದ್ದಾರೆ? ಕೈ ನೋವು ಕಮ್ಮಿ ಆಯ್ತಾ ನಿಮ್ಮ ತಂದೆಗೆ?"

*

ಕಾಪಿಂಜರ್ ಹತ್ತು ನಿಮಿಷ ಮೊದಲೇ ಬಂದಿದ್ದ. ಅಂಗಳದ ಕಲ್ಲಿನ ಮೇಲೆ ಅವನ ಮರದ ಪೆಟ್ಟಿಗೆ ತೆರೆದಿತ್ತು. ಒಳಗಿನ ಪಿಸ್ತೂಲನ್ನು ಅವನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದ. ಉದ್ದನೆಯ, ಒಣಕಲು, ಮಾತು ಕಡಿಮೆಯ ವೈದ್ಯ.

"ಒಂದು ಸಹಾಯ ಡಾಕ್ಟ್ರೇ" ಎಂದಳು ನೆಸ್ಸಾ. "ಐದು ನಿಮಿಷ."

"ಕಾಗದಕ್ಕೆ ರುಜು ಬಿದ್ದಿದೆ."

"ಕಾಗದ ಎಲ್ಲೂ ಓಡಿಹೋಗಲ್ಲ. ಜೆರ್, ಜೀನು ಹಾಕಿ."

ಜೆರ್ ಜೀನನ್ನು ಬೆನ್ನ ಮೇಲೆ ಇಳಿಸಿದ. ಹೊಟ್ಟೆಪಟ್ಟಿಯನ್ನು ಒಂದೊಂದೇ ತೂತು ಎಳೆದ. ಪ್ರತಿ ವರ್ಷ ಉಸಿರು ಬಿಗಿಹಿಡಿದು ಬೆನ್ನು ಉಬ್ಬಿಸುತ್ತಿದ್ದ ಪ್ರಾಣಿ, ಕಣ್ಣು ಅರ್ಧ ಮುಚ್ಚಿ, ತುಟಿ ಜೋತುಹಾಕಿ ನಿಂತಿತ್ತು. ನಾಲ್ಕನೆಯ ತೂತು. ಏನೂ ಇಲ್ಲ.

"ಈಗ ಇಲ್ಲಿ" ಎಂದು ನೆಸ್ಸಾ ಜೀನಿನ ಹಿಂದೆ, ಎಡಬದಿಯಲ್ಲಿ, ಅಂಗೈ ಇಟ್ಟು ಮೈಭಾರ ಬಿಟ್ಟಳು.

ಬಿಷಪ್‌ನ ಬೆನ್ನು ಒಮ್ಮೆಲೇ ಕುಸಿಯಿತು. ಮರುಕ್ಷಣ ಹಿಂಗಾಲು ಎರಡೂ ಗಾಳಿಯಲ್ಲಿದ್ದವು. ಕಾಪಿಂಜರ್‌ನ ಟೋಪಿ ಗೊಬ್ಬರದ ರಾಶಿಗೆ ಹಾರಿತು. ಜೆರ್ ಲಗಾಮಿಗೆ ಜೋತುಬಿದ್ದು "ಹೋ, ಹೋ, ನನ್ನಪ್ಪ" ಎಂದು ಸಮಾಧಾನ ಮಾಡಿದ.

"ಅವನ ಬೆನ್ನು ಹುಟ್ಟಿದಾಗ್ಲಿಂದ ಹಾಗೇ" ಎಂದ ಕಾಪಿಂಜರ್. ಆದರೆ ದನಿಯಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ. ತಾನೇ ಹತ್ತಿರ ಹೋಗಿ ಎರಡು ಬೆರಳಿನಿಂದ ಆ ಜಾಗವನ್ನು ತಡವಿದ. ಬೆನ್ನೆಲ್ಲಾ ಸುಮ್ಮನಿತ್ತು, ಎರಡು ಬೆರಳಗಲದ ಆ ಒಂದೇ ಜಾಗದಲ್ಲಿ ಚರ್ಮ ನಡುಗಿತು.

"ಇದು ಏಟು" ಎಂದ ಕೊನೆಗೆ. "ನಾಲ್ಕೈದು ವಾರದ್ದು. ಕೊಬ್ಬಿದ ಕುದುರೆ ಜೀನು ಕಂಡ್ರೆ ಎಗರುತ್ತೆ. ನೋವಿರೋ ಕುದುರೆ ಭಾರ ಬಿದ್ರೆ ಎಗರುತ್ತೆ. ನಾನು ನೋಡಬೇಕಿತ್ತು."

"ಹಾಗಂತ ಬರ್ಕೊಡ್ತೀರಾ?"

"ಗೊರಸಿನದೂ ಸೇರಿಸಿ ಬರೀರಿ ಡಾಕ್ಟ್ರೇ" ಎಂದ ಲೋರ್ಕನ್. ಅಡುಗೆಮನೆಯ ಬಾಗಿಲಿಗೆ ಒರಗಿ, ಕೈ ಕಟ್ಟಿ ನಿಂತಿದ್ದ. "ಸಾರ್ಜೆಂಟ್ ಇನ್ನೂ ಒಂದು ಬದಿ ನೋಡೋದು ಬಾಕಿ ಇದೆ."

ನೆಸ್ಸಾ ಮತ್ತೆ ಬಗ್ಗಿ ಎಡಗಾಲನ್ನು ಎತ್ತಿಕೊಂಡಳು. ಒಳಬದಿಯ ಟಾರನ್ನು ಕೆರೆದಳು. ಒಂದು ತೂತು. ಎರಡು. ಮೂರನೆಯದಕ್ಕೆ ಹುಡುಕಿದಳು.

ಮೂರನೆಯದು ಇರಲಿಲ್ಲ.

ಇನ್ನೊಂದು ಮುಂಗಾಲು ಎತ್ತಿದಳು. ಹೊರಗೆ ನಾಲ್ಕು, ಒಳಗೆ ಎರಡೇ.

ಈ ಸೀಮೆಯಲ್ಲಿ ಲಾಳ ಹೊಡೆಯುವವರೆಲ್ಲ ಹೊರಗೆ ನಾಲ್ಕು ಮೊಳೆ, ಒಳಗೆ ಮೂರು ಹೊಡೆಯುತ್ತಾರೆ. ಒಬ್ಬನನ್ನು ಬಿಟ್ಟು. "ಗೊರಸಿಗೂ ಉಸಿರಾಡೋಕೆ ಒಂದು ಕಿಟಕಿ ಬೇಡವೇನೇ?" ಎಂದು ಅವನು ಒಳಗಿನ ಹಿಂದಿನ ಮೊಳೆಯನ್ನು ಯಾವಾಗಲೂ ಬಿಟ್ಟುಬಿಡುತ್ತಿದ್ದ. ಹಳೆಯ ತೂತುಗಳಿಗೆ ಕೊಳೆ ಹೋಗಬಾರದೆಂದು ಜೇನುಮೇಣಕ್ಕೆ ಕುಲುಮೆಯ ಮಸಿ ಕಲಸಿ, ಮೇಲೆ ನಾಲ್ಕು ಹನಿ ಲವಂಗದೆಣ್ಣೆ ಹಾಕಿ ತುಂಬುತ್ತಿದ್ದ. ಆ ಮೇಣವನ್ನು ಕೈಯಲ್ಲಿ ಉರುಟು ಮಾಡಿಕೊಡುವುದು ಏಳು ವರ್ಷದ ನೆಸ್ಸಾಳ ಕೆಲಸವಾಗಿತ್ತು.

ಲವಂಗ. ಅದೇ ಆ ವಾಸನೆ.

ಹೋದ ಭಾನುವಾರ ಊಟಕ್ಕೆ ಹೋದಾಗ, ಕೋಸಿನ ಪಲ್ಯ ಬಡಿಸುತ್ತ ಅಪ್ಪ ಹೇಳಿದ್ದ: "ನಾನು ಸುತ್ತಿಗೆ ಮುಟ್ಟಿ ಮೂರು ವರ್ಷ ಆಯ್ತು ಮಗಳೇ. ಆ ಬಿಷಪ್‌ನ ನೋಡೇ ಎಷ್ಟು ಕಾಲ ಆಯ್ತೋ." ಅವಳು ನಂಬಿದ್ದಳು. ಅಪ್ಪನ ಮಾತನ್ನು ತಾಳೆ ನೋಡುವುದು ಅವಳಿಗೆ ಹೊಳೆದೇ ಇರಲಿಲ್ಲ.

ನೆಸ್ಸಾಳಿಗೆ ಹೆದರಿಕೆಯಾಯಿತು, ಅವಮಾನವಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪನ ಗಂಟುಗಟ್ಟಿದ ಬೆರಳುಗಳನ್ನು ನೆನೆದು ಸಂಕಟವಾಯಿತು. ಲಾಳ ಹೊಡೆದವನು, ಕಿತ್ತವನು, ತೂತು ಮುಚ್ಚಿದವನು. ನ್ಯಾಯಾಲಯದ ಕಣ್ಣಿಗೆ ಅವನು ಈ ಮೋಸದ ಪಾಲುದಾರ.

ಕಾಪಿಂಜರ್ ಪಿಸ್ತೂಲು ಹಿಡಿದು ಕಾಯುತ್ತಿದ್ದ. ನಾಲ್ಕಕ್ಕೆ ಮೂರು ನಿಮಿಷ. ಅವಳು ಏನೂ ಹೇಳದಿದ್ದರೆ ಸಾಕು. ಕಾಗದಕ್ಕೆ ರುಜು ಇದೆ. ಕುದುರೆಯ ದೇಹವನ್ನು ಸಂಜೆಯೊಳಗೆ ಗಾಡಿ ಬಂದು ಒಯ್ಯುತ್ತದೆ, ಗೊರಸೂ ಹೋಗುತ್ತದೆ, ಮೇಣವೂ ಹೋಗುತ್ತದೆ.

ಲೋರ್ಕನ್ ಅದಕ್ಕಾಗಿಯೇ ಕಾಯುತ್ತಿದ್ದ. ಅವನ ಮುಖದಲ್ಲಿ ಆ ಸಣ್ಣ ನಗು ಹಾಗೇ ಇತ್ತು.

ಜೆರ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ಕುದುರೆಯ ಕತ್ತಿಗೆ ಹಣೆ ಒತ್ತಿ ನಿಂತಿದ್ದ. ನಲವತ್ತು ವರ್ಷ ದುಡಿದ ಮನೆಯಿಂದ ಕಳ್ಳನ ಹಾಗೆ ಹೊರಬೀಳಲಿರುವ ಮುದುಕ.

"ಪೆಟ್ಟಿಗೆ ಮುಚ್ಚಿ ಡಾಕ್ಟ್ರೇ" ಎಂದಳು ನೆಸ್ಸಾ. ಅವಳ ದನಿ ಅವಳಿಗೇ ದೂರದಿಂದ ಕೇಳಿದಂತಾಯಿತು. "ಈ ಕುದುರೆ ಈಗ ಪೊಲೀಸರ ಸಾಕ್ಷ್ಯ. ಯಾರೂ ಮುಟ್ಟೋ ಹಾಗಿಲ್ಲ."

"ಯಾರ ಕೈಕೆಲಸ ಅಂತಾನೂ ಬರ್ಕೊಳ್ಳಿ ಸಾರ್ಜೆಂಟ್" ಎಂದ ಲೋರ್ಕನ್. ನಗು ಮಾಯವಾಗಿತ್ತು.

"ಬರ್ಕೊಳ್ತೀನಿ."

ಪುಸ್ತಕ ತೆಗೆದು, ಎಲ್ಲರೂ ನೋಡುವಂತೆ ಬರೆದಳು: ಹೊರಗೆ ನಾಲ್ಕು, ಒಳಗೆ ಎರಡು, ಲವಂಗ ಹಾಕಿದ ಮೇಣ. ಅದರ ಕೆಳಗೆ ಅಪ್ಪನ ಹೆಸರು. ಈ ಸಲ ಅಕ್ಷರ ಸ್ಪಷ್ಟವಾಗಿತ್ತು.

ಅಂಗಳದ ಆಚೆ, ನೀರಿನ ತೊಟ್ಟಿಯ ಪಕ್ಕಕ್ಕೆ ಹೋಗಿ ಫೋನ್ ಮಾಡಿದಳು. ಆ ಕಡೆ ರೇಡಿಯೋದಲ್ಲಿ ಯಾವುದೋ ಪಂದ್ಯದ ವಿವರಣೆ ಜೋರಾಗಿ ನಡೆದಿತ್ತು.

"ಅಪ್ಪ, ಈ ಬೇಸಿಗೆ ಬಿಷಪ್‌ಗೆ ಲಾಳ ಹೊಡೆದದ್ದು ನೀನೇನಾ?"

ರೇಡಿಯೋ ನಿಂತಿತು.

"ಹೂಂ" ಎಂದ ಕಾನ್ ಟೂಮಿ. "ಮೇ ತಿಂಗಳಲ್ಲಿ ಒಂದ್ಸಲ, ಜೂನ್‌ನಲ್ಲಿ ಒಂದ್ಸಲ. ಜುಲೈ ಕೊನೇಲಿ ಕಿತ್ತಿದ್ದೂ ನಾನೇ. ನಿನಗೆ ಇವತ್ತಲ್ಲ ನಾಳೆ ಗೊತ್ತಾಗುತ್ತೆ ಅಂತ ಗೊತ್ತಿತ್ತು."

"ಲೋರ್ಕನ್ ನಿನ್ನ ಹೇಗೆ ಒಪ್ಪಿಸಿದ ಅಪ್ಪ?"

"ಲೋರ್ಕನ್?" ಅಪ್ಪನ ದನಿಯಲ್ಲಿದ್ದದ್ದು ನಿಜವಾದ ಆಶ್ಚರ್ಯ. "ಅವನು ಮಾತಾಡ್ಸಿದ್ರೆ ನಾನು ಬಾಗಿಲು ತೆಗೀತಿದ್ನಾ? ನನ್ನ ಕರೆದದ್ದು ಕಾರ್ಮೆಲ್. ನಿನ್ನ ಮಗಳಿಗೆ ಮಾತ್ರ ಹೇಳ್ಬೇಡ ಅಂತ ಆಣೆ ಹಾಕಿಸಿಕೊಂಡ್ಲು. ಈಗ ಆ ಆಣೆಗೇನು ಬೆಲೆ, ಅವಳು ಅಲ್ಲಿ ಮಲಗಿರುವಾಗ."

ಹಾಗಾದರೆ ಮೋಸ ಹೋದವಳು ಕಾರ್ಮೆಲ್ ಅಲ್ಲ. ಮೇಲೆ ಹತ್ತಿದವಳಿಗೆ ಕುದುರೆ ದುಡಿದು ಬಂದದ್ದು ಗೊತ್ತಿತ್ತು. ಗೊತ್ತಿದ್ದೂ ಹತ್ತಿದಳು.

"ಒಬ್ಬಳೇ ಬರ್ತಿದ್ಲಾ?"

"ಒಬ್ಬಳೇ ಹೇಗೆ ಬರ್ತಾಳೆ? ಮೊಣಕಾಲು ಕೊಯ್ದಿದ್ರಲ್ಲ. ಮೂರು ಸಲಾನೂ ಕಡಲತೀರಕ್ಕೆ ಕಾರು ಓಡಿಸ್ಕೊಂಡು ಬಂದದ್ದು ಜೆರ್. ನನ್ನ ಕೈಗೆ ಈಗ ಬಲ ಇಲ್ಲ ನೋಡು. ನಾನು ಮೊಳೆ ಹೊಡೀವಾಗ ಕಾಲು ಎತ್ತಿ ಹಿಡ್ಕೊಂಡಿದ್ದೂ ಅವನೇ."

ನೆಸ್ಸಾ ತಿರುಗಿ ನೋಡಿದಳು.

ಕಾಪಿಂಜರ್ ಗೊಬ್ಬರದ ರಾಶಿಯಿಂದ ಟೋಪಿ ಹುಡುಕಿ ತೆಗೆಯುತ್ತಿದ್ದ. ಲೋರ್ಕನ್ ಒಳಗೆ ಹೋಗಿದ್ದ. ಅಂಗಳದ ನಡುವೆ ಜೆರ್ ಲೆನಿಹನ್ ಅವಳಿಗೆ ಬೆನ್ನು ಹಾಕಿ ಬಗ್ಗಿ, ಬಿಷಪ್‌ನ ಹಿಂಗಾಲನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ಅವನ ಕೈಯಲ್ಲಿ ಗೊರಸು ತೇಯುವ ಅರ ಇತ್ತು. ಇನ್ನೂ ಯಾರೂ ನೋಡದ ಆ ಗೊರಸನ್ನು ಅವನು ಬೇಗ ಬೇಗ ಉಜ್ಜುತ್ತಿದ್ದ.